ಹಾಡನ್ನು ಹಿಡಿಯುವವರು

ಶರಾವತಿಯ ಆಚೆ ಈಚೆ ಹುಟ್ಟಿ ಬೆಳೆದ ನಮ್ಮಂಥವರಿಗೆ ಹಾಡೆಂಬುದು ಒಬ್ಬರ ಸ್ವತ್ತೆಂದು ಎಂದೂ ತೋರಿದ್ದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಕೇರಿಗೆ ಹೋದರೂ, ನಟ್ಟಿಯ ಗದ್ದೆಯಲ್ಲಾಗಲಿ, ಮದುವೆಯ ಚಪ್ಪರದಲ್ಲಾಗಲಿ, ದೀಪಾವಳಿಯ ರಾತ್ರಿಯ ಅಂಗಳದಲ್ಲಾಗಲಿ, ಹಾಡುವವರು ಎರಡು ಪಂಗಡವಾಗಿ ನಿಲ್ಲುವುದು ವಾಡಿಕೆ. ಒಂದು ಪಂಗಡದವರು ಸಾಲನ್ನು ಎತ್ತಿಕೊಡುವರು; ಇನ್ನೊಂದು ಪಂಗಡದವರು ಅದೇ ಸಾಲನ್ನು ಅದೇ ಧಾಟಿಯಲ್ಲಿ ಹಿಡಿದು ಮರಳಿಸುವರು; ಆ ಮರಳಿಸುವಿಕೆಯ ಅವಕಾಶದಲ್ಲಿ ಎತ್ತಿಕೊಟ್ಟವರು ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುವರು. ಅಕ್ಷರವನ್ನು ಕಾಣದ ಹೆಂಗಸರು ರಾತ್ರಿಯಿಡೀ ನಡೆಯುವಷ್ಟು ದೀರ್ಘವಾದ ಕಥನಗೀತಗಳನ್ನು ಹೇಗೆ ಕಂಠಸ್ಥವಾಗಿ ಇಟ್ಟುಕೊಂಡಿದ್ದರೆಂದು ಪಟ್ಟಣದ ಸ್ನೇಹಿತರು ನನ್ನನ್ನು ಕೇಳುವುದುಂಟು. ಅದಕ್ಕೆ ನನ್ನಲ್ಲಿರುವ ಉತ್ತರ ಇದೊಂದೇ: ಅವರು ಒಬ್ಬರೇ ನೆನಪಿಟ್ಟುಕೊಂಡಿರಲಿಲ್ಲ.

ನಾನು ಹುಟ್ಟಿದ ಊರು ಈಗ ನೀರಿನ ಕೆಳಗಿದೆ. ಜೋಗದಲ್ಲಿ 1948ರಲ್ಲಿ ವಿದ್ಯುತ್ತು ಹುಟ್ಟಿದಾಗಲೇ, ಅದಕ್ಕೆ ನೀರೊದಗಿಸುವುದಕ್ಕೆಂದು ಕಟ್ಟಿದ ಮಡೆನೂರಿನ ಅಣೆಕಟ್ಟಿನಿಂದ ಹೊಳೆಯ ದಂಡೆಯ ಕೆಲವು ಹಳ್ಳಿಗಳು ಮುಳುಗಿದ್ದುವು. ಆ ಅಣೆಕಟ್ಟನ್ನೇ ನುಂಗುವಂತೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದುನಿಂತಿತು; ಸಮುದ್ರಮಟ್ಟದಿಂದ 1819 ಅಡಿ ಎತ್ತರದವರೆಗೆ ನೀರು ನಿಲ್ಲಬಹುದೆಂದು ಸರಕಾರದವರು ಗೆರೆ ಎಳೆದರು. ಬೇಸಗೆಯ ಕೊನೆಯಲ್ಲಿ ನೀರು ತೀರ ಇಳಿದ ವರುಷ ಮಡೆನೂರಿನ ಹಳೆಯ ಕಟ್ಟೆ ಇಂದಿಗೂ ಮೇಲೆ ಕಾಣುತ್ತದೆ. ಅದನ್ನು ನೋಡುವುದಕ್ಕೆ ಜನ ಸಾಲುಗಟ್ಟಿ ಹೋಗುತ್ತಾರೆ. ನಾನು ಹೋಗಿಲ್ಲ, ಹೋಗಬೇಕೆಂಬ ಆಶೆಯೂ ಇಲ್ಲ.

ನಮ್ಮ ಮನೆಯ ಗದ್ದೆಗಳನ್ನು ಗೇಣಿಗೆ ಮಾಡುತ್ತಿದ್ದ ದೀವರ ಕುಟುಂಬವೊಂದರಲ್ಲಿ ಒಬ್ಬ ಹಿರಿಯಳಿದ್ದಳು. ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆಕೆ ಬದುಕಿದ್ದರೆ ಅದಕ್ಕೆ ಒಪ್ಪುತ್ತಿರಲಿಲ್ಲ. ಆಷಾಢದ ಮಳೆ ಗೊರಬುಗಳ ಮೇಲೆ ಬಿದ್ದು ಒಂದೇ ಸಮನಾಗಿ ಸದ್ದು ಮಾಡುತ್ತಿರುವಾಗ, ಮೊಣಕಾಲುದ್ದ ಕೆಸರಿನಲ್ಲಿ ಬಾಗಿ ನಿಂತ ಹೆಂಗಸರ ಸಾಲಿನ ಒಂದು ತುದಿಯಿಂದ ಆಕೆಯ ದನಿ ಏಳುತ್ತಿತ್ತು. ಇಂಪಾದ ದನಿಯೆಂದು ಹೇಳಲಾರೆ. ಸ್ವಲ್ಪ ಒಡಕಾದ, ಮೂಗಿನಿಂದ ಬರುವ, ಆದರೆ ಮಳೆಯ ಸದ್ದನ್ನು ಸೀಳಿಕೊಂಡು ಗದ್ದೆಯ ಇನ್ನೊಂದು ತುದಿಗೆ ಹೋಗಿ ಮುಟ್ಟುವ ದನಿ. ಆ ತುದಿಯಲ್ಲಿ ಆಕೆಯ ನಾದಿನಿಯಿದ್ದಳು. ಹಾಡನ್ನು ಹಿಡಿಯುವ ಕೆಲಸ ಈಕೆಯದು. ಅತ್ತಿಗೆ ನಾದಿನಿಯರಿಗೆ ಮನೆಯೊಳಗೆ ಮಾತಿರಲಿಲ್ಲವೆಂದು, ಯಾವುದೋ ಬುಗುಡಿಯ ವ್ಯಾಜ್ಯದಿಂದ ಬಹುಕಾಲದ ಮುನಿಸಿತ್ತೆಂದು ನಮ್ಮ ಅಮ್ಮ ಹೇಳುತ್ತಿದ್ದಳು. ಗದ್ದೆಗಿಳಿದರೆ ಮಾತ್ರ ಒಬ್ಬಳ ಸಾಲು ಮುಗಿಯುವುದರೊಳಗೆ ಇನ್ನೊಬ್ಬಳ ಸಾಲು ಸೇರಿಕೊಳ್ಳುತ್ತಿತ್ತು.

ಗದ್ದೆಯ ಹಾಡು ಬೇರೆ, ಹಸೆಯ ಹಾಡು ಬೇರೆ. ದೀವರ ಮನೆಯ ಮದುವೆಗೆ ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನ ಬಿಳಿಯಲ್ಲಿ, ಗುರಿಗೆಕಾಯಿಯ ಹಳದಿಯಲ್ಲಿ, ಹುರಿದ ಅಕ್ಕಿಯಿಂದ ತೆಗೆದ ಕಪ್ಪಿನಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರವನ್ನು ಬರೆಯುತ್ತಾರೆ. ಎಳೆಗೆ ಎಳೆ ಸೇರಿಸಿ, ಗೆರೆಯನ್ನು ಕೈ ನಡುಗದಂತೆ ಎಳೆಯುವ ಆ ಕೆಲಸ ದಿನಗಟ್ಟಲೆ ನಡೆಯುವಾಗ ಬರೆಯುವವಳ ಸುತ್ತ ಕುಳಿತ ಹೆಂಗಸರು ಹಾಡುತ್ತಿದ್ದರು. ದಸರೆ ಕಳೆದು ಭೂಮಿ ಹುಣ್ಣಿಮೆ ಬಂದರೆ ಅದೇ ಕೈಗಳು ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಿದ್ದುವು. ಬಯಕೆಯ ಬಸುರಿಗೆ ಉಣಬಡಿಸುವಂತೆ, ತೆನೆ ಕಟ್ಟುವ ಗದ್ದೆಗೆ ಆ ಬುಟ್ಟಿಯಲ್ಲಿ ಎಡೆ ಹೋಗುತ್ತಿತ್ತು. ಆ ಇರುಳು ಗದ್ದೆಯ ಬಯಲಿನಿಂದ ಒಂದು ಕೂಗೆದ್ದರೆ ಹೊಳೆಯಾಚೆಯ ಬಯಲಿನವರು ಅದಕ್ಕೆ ಓಗೊಡುತ್ತಿದ್ದರು. ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತು ಆ ಕೂಗನ್ನು ಕೇಳುತ್ತಿದ್ದ ಹುಡುಗನಿಗೆ, ಅದರಲ್ಲಿ ತನಗೆ ಪಾಲಿಲ್ಲವೆಂಬುದು ಮೊದಲ ಬಾರಿಗೆ ಹೊಟ್ಟೆಕಿಚ್ಚಿನ ವಿಷಯವಾಗಿ ತೋರಿತ್ತು.

ಪಾಲಿಲ್ಲದಿರುವುದಕ್ಕೆ ಕಾರಣ ಸ್ಪಷ್ಟವಾಗಿಯೇ ಇತ್ತು. ನಮ್ಮದು ಒಡೆಯರ ಮನೆ, ಅವರದು ಒಕ್ಕಲು ಮನೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಸತ್ಯಾಗ್ರಹ ಹೂಡಿ, ಶಾಂತವೇರಿ ಗೋಪಾಲಗೌಡರು ಅದಕ್ಕೆ ಹೆಗಲು ಕೊಟ್ಟು, ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದ ಸಂಗತಿ ಇಂದು ಚರಿತ್ರೆಯ ಪುಸ್ತಕಗಳಲ್ಲಿದೆ. ನನ್ನ ಬಾಲ್ಯದಲ್ಲಿ ಅದು ನಮ್ಮ ಜಗಲಿಯ ಮೇಲೆ ತಗ್ಗಿದ ದನಿಯಲ್ಲಿ ಆಡುವ ಮಾತಾಗಿತ್ತು. ಹಾಡನ್ನು ಬದುವಿನಾಚೆಗೆ ನಿಂತು ಕೇಳಬಹುದಾಗಿತ್ತು, ಹಿಡಿಯುವಂತಿರಲಿಲ್ಲ. ಅವರ ಮಾತನ್ನು ಅನುಕರಿಸಿ ಒಮ್ಮೆ ಮನೆಯಲ್ಲಿ ಆಡಿದ್ದಕ್ಕೆ ಬೆನ್ನ ಮೇಲೆ ಬಿದ್ದ ಏಟನ್ನು ನಾನು ಮರೆತಿಲ್ಲ. ಜಾತಿಯೊಂದರ ಮಾತು ಅಳಿಯುವುದು ಆ ಜಾತಿಯವರು ಬಿಟ್ಟುಕೊಟ್ಟದ್ದರಿಂದ ಎಂದು ಹೇಳುವವರು, ನೆರೆಯವರು ಅದನ್ನು ಹೇಗೆ ಕೇಳಿಸಿಕೊಂಡರೆಂಬುದನ್ನೂ ಸ್ವಲ್ಪ ವಿಚಾರಿಸಬೇಕು.

ನೀರು ಬಂದಾಗ ಆದದ್ದೇನೆಂದರೆ, ಊರು ಊರಾಗಿ ಎದ್ದುಹೋಗಲಿಲ್ಲ. ಲಾರಿಗಳಲ್ಲಿ ಕೋಳಿ, ಕೊಟ್ಟಿಗೆಯ ಗಳ, ಒರಳುಕಲ್ಲುಗಳೊಡನೆ ಹೇರಿಕೊಂಡು ಹೋದ ಒಕ್ಕಲುಗಳನ್ನು ಜಿಲ್ಲೆಯ ಬೇರೆ ಬೇರೆ ಕಾಡುಗಳ ಅಂಚಿನಲ್ಲಿ ಇಳಿಸಿದರು. ಅವರಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆ ಎರಡು ತಲೆಮಾರು ಕಳೆದರೂ ತೀರಲಿಲ್ಲ. ಎತ್ತಿಕೊಡುವ ಅತ್ತಿಗೆ ಒಂದು ದಿಕ್ಕಿಗೆ ಬಿದ್ದಳು, ಹಿಡಿಯುವ ನಾದಿನಿ ಹೊಸನಗರದ ಕಡೆಗೆ ಇನ್ನೆಲ್ಲಿಗೋ ಹೋದಳು. ನಾನು ಓದು ಮುಗಿಸಿ ಉಪಾಧ್ಯಾಯನಾಗಿ ಕೆಲವು ಕಾಲ ಕಳೆದಮೇಲೆ, ಆನಂದಪುರದಾಚೆಯ ಒಂದು ಹೊಸ ಕೇರಿಯಲ್ಲಿ ಆ ಅತ್ತಿಗೆಯನ್ನು ಹುಡುಕಿಕೊಂಡು ಹೋದೆನು. ಕಣ್ಣು ಮಂಜಾಗಿತ್ತು, ದನಿಯಿಂದಲೇ ಗುರುತಿಸಿದಳು. ಎಲೆಯಡಕೆಯ ಚೀಲ ಬಿಚ್ಚಿ, ನಮ್ಮ ಮನೆಯ ಒಬ್ಬೊಬ್ಬರ ಕ್ಷೇಮವನ್ನೂ ವಿಚಾರಿಸಿದಳು. ಹಾಡು ಹೇಳೆಂದು ಕೇಳಿಕೊಂಡಾಗ, ಕೂಡದೆಂದು ತಲೆಯಾಡಿಸಿದಳು. "ಹಿಡ್ಯೋರಿಲ್ದ್ ಮೇಲೆ ಎಂತಾ ಹಾಡದು, ಸಣ್ಣಯ್ಯಾ" ಎಂದಳು. ಬೇಕಾದರೆ ನಾನೇ ಹಿಡಿಯುತ್ತೇನೆಂದು ಹೇಳಿದೆನು. ಆಕೆ ಮನಸ್ಸಾರ ನಕ್ಕಳು. ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದ ಮೊಮ್ಮಗಳು ಮಾತ್ರ ನಗಲಿಲ್ಲ; ಅಜ್ಜಿಯ ಮಾತನ್ನು ಶಾಲೆಯಲ್ಲಿ ಆಡಿದರೆ ಮೇಷ್ಟರು ತಿದ್ದುತ್ತಾರೆಂದು ನನಗೆ ತಿಳಿಸಿದಳು. ನಾನೂ ಮೇಷ್ಟರೇ ಎಂಬುದು ಆ ಹುಡುಗಿಗೆ ಗೊತ್ತಿರಲಿಲ್ಲ.

ಇಂಥ ಮಾತನ್ನು ಭಾಷೆಯೆನ್ನಬೇಕೋ ಉಪಭಾಷೆಯೆನ್ನಬೇಕೋ ಎಂಬುದು ಪಂಡಿತರ ಚರ್ಚೆ. ನಮ್ಮ ದೇಶದ ಜನಗಣತಿಯಲ್ಲಿ 10,000ಕ್ಕಿಂತ ಕಡಮೆ ಮಂದಿ ಆಡುವ ಭಾಷೆಗಳ ಹೆಸರನ್ನು 1971ರಿಂದೀಚೆಗೆ ಪ್ರತ್ಯೇಕವಾಗಿ ಪ್ರಕಟಿಸುವುದನ್ನೇ ಬಿಟ್ಟಿದ್ದಾರೆ. ಕನ್ನಡವೆಂಬ ದೊಡ್ಡ ಹೆಸರಿನೊಳಗೆ ಸೇರಿಹೋದ ಒಳನುಡಿಗಳಿಗಂತೂ ಆ ಎಣಿಕೆಯ ಅರ್ಹತೆಯೂ ಇಲ್ಲ. ಗಣೇಶ ದೇವಿಯವರ ನೇತೃತ್ವದಲ್ಲಿ ನಡೆದ ಜನರ ಭಾಷಾ ಸಮೀಕ್ಷೆ ದೇಶದಲ್ಲಿ 780 ಭಾಷೆಗಳನ್ನು ಗುರುತಿಸಿತೆಂಬುದನ್ನು ಓದಿದಾಗ ನನಗೆ ಸಂತೋಷವಾಯಿತಾದರೂ, ಆ ಪಟ್ಟಿಯ ಹೊರಗೆ ನಿಂತವರ ನೆನಪೇ ಮೊದಲು ಬಂದಿತು. ತೀರ್ಥಹಳ್ಳಿಯ ಸೀಮೆಯವರ ಪುಣ್ಯಕ್ಕೆ ಅವರ ನಡುವೆ ಕುವೆಂಪು ಬೆಳೆದರು. 1936ರಲ್ಲಿ ಹೊರಬಂದ 'ಕಾನೂರು ಹೆಗ್ಗಡಿತಿ'ಯಲ್ಲಿ ಬೇಲರ ಬೈರನ ಬಾಯಿಯ ಮಾತು ಅವನ ಬಾಯಿಯಲ್ಲಿದ್ದಂತೆಯೇ ಅಚ್ಚಾಯಿತು. ಆ ಕಾದಂಬರಿಯನ್ನು ಮೊದಲು ಓದಿದಾಗ, ನಾವು ಏಟು ತಿಂದು ಬಿಟ್ಟ ಮಾತನ್ನು ಮಹಾಕವಿಯೊಬ್ಬರು ಗೌರವದಿಂದ ಬರೆದಿಟ್ಟದ್ದನ್ನು ಕಂಡು ನಾನು ಬಹಳ ಹೊತ್ತು ಪುಟ ಮಗುಚಲಿಲ್ಲ.

ಅಚ್ಚಿನ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮ ಜಾನಪದ ಸಂಗ್ರಹಕಾರರ ಉಪಕಾರವನ್ನು ನಾನು ಕಡೆಗಣಿಸುವವನಲ್ಲ. ಕುಮಟೆಯ ಎಲ್. ಆರ್. ಹೆಗಡೆಯವರಾಗಲಿ, ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳಾಗಲಿ ಕೇರಿ ಕೇರಿ ಅಲೆಯದಿದ್ದರೆ ಘಟ್ಟದ ಕೆಳಗಿನ ಸಮುದಾಯಗಳ ಎಷ್ಟೋ ಹಾಡುಗಳ ಸುಳಿವೇ ನಮಗಿರುತ್ತಿರಲಿಲ್ಲ. ಆದರೂ ಹಾಡು ಪುಸ್ತಕಕ್ಕೆ ಏರುವಾಗ ಸಾಮಾನ್ಯವಾಗಿ ಪ್ರತಿಯೊಂದು ಸಾಲೂ ಒಂದೇ ಬಾರಿ ಅಚ್ಚಾಗುತ್ತದೆ. ಎರಡನೆಯ ಪಂಗಡದವರು ಹೇಳುವುದು ಪುನರುಕ್ತಿಯೆಂದು, ಕಾಗದದ ಮಿತವ್ಯಯಕ್ಕೋಸ್ಕರ ಅದು ಬಿಟ್ಟುಹೋಗುತ್ತದೆ. ಓದುವವನಿಗೆ ಅದರಿಂದ ನಷ್ಟವಿಲ್ಲ. ಹಾಡುವವರ ಲೋಕದಲ್ಲಿ ಮಾತ್ರ, ಸೊಸೆಯಾಗಿ ಬಂದ ಹುಡುಗಿ ಅತ್ತೆಮನೆಯ ಮಾತನ್ನು, ಅದರ ಏರಿಳಿತವನ್ನು, ಬೈಗುಳವನ್ನೂ ದೇವರ ಹೆಸರನ್ನೂ ಕಲಿಯುತ್ತಿದ್ದದ್ದು ಆ ಪುನರುಕ್ತಿಯಲ್ಲಿಯೇ.

ಘಟ್ಟದ ಕೆಳಗಿನವರ ಪ್ರಸಕ್ತಿ ಬಂದಮೇಲೆ ಸುಕ್ರಿ ಬೊಮ್ಮಗೌಡರನ್ನು ನೆನೆಯದೆ ಮುಂದುವರಿಯುವಂತಿಲ್ಲ. ಅಂಕೋಲೆ ತಾಲ್ಲೂಕಿನ ಬಡಗೇರಿಯ ಈ ಹಾಲಕ್ಕಿ ಒಕ್ಕಲಿಗ ಹೆಣ್ಣುಮಗಳನ್ನು ಉತ್ತರ ಕನ್ನಡ ಜಿಲ್ಲೆಯೇ ಸುಕ್ರಜ್ಜಿಯೆಂದು ಕರೆಯಿತು. ಕೊರಳು ತುಂಬ ಮಣಿಸರ, ರವಿಕೆಯಿಲ್ಲದೆ ಹೆಗಲಿಗೆ ಕಟ್ಟಿದ ಸೀರೆ, ಓದುಬರಹವಿಲ್ಲದೆಯೂ ಸಾವಿರಾರು ಹಾಡುಗಳ ನೆನಪು. ಇಷ್ಟನ್ನೂ ಪತ್ರಿಕೆಗಳು ಮತ್ತೆ ಮತ್ತೆ ವರ್ಣಿಸಿವೆ, ಅದನ್ನೇ ನಾನು ಬೆಳೆಸುವುದು ಅನವಶ್ಯಕ. ಹಾಲಕ್ಕಿಗಳ ಕನ್ನಡವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿ 1967ರಷ್ಟು ಹಿಂದೆಯೇ ಪುಣೆಯ ಡೆಕ್ಕನ್ ಕಾಲೇಜಿನಿಂದ ವಿವರಣಾತ್ಮಕ ಗ್ರಂಥವೊಂದು ಬಂದಿತ್ತು. ಆ ನುಡಿಯ ಧ್ವನಿಗಳೂ ಪ್ರತ್ಯಯಗಳೂ ಅದರಲ್ಲಿ ಕ್ರಮವಾಗಿ ಜೋಡಣೆಗೊಂಡಿವೆ. ಆದರೆ ಹಾಲಕ್ಕಿ ಕೊಪ್ಪಗಳ ಹುಡುಗಿಯರು ಆ ಗ್ರಂಥವನ್ನು ಓದಿ ತಮ್ಮ ಅಜ್ಜಿಯರ ನುಡಿಯನ್ನು ಆಡುವುದು ಸಾಧ್ಯವಿರಲಿಲ್ಲ. ಅವರಿಗೆ ಸುಕ್ರಜ್ಜಿ ಬೇಕಾಗಿದ್ದಳು.

ಆಕೆಯನ್ನು ನಾನು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಕಂಡದ್ದಷ್ಟೇ. ಮಾತನಾಡಿಸುವ ಅವಕಾಶ ಒದಗಲಿಲ್ಲ. ವೇದಿಕೆಯ ಮೇಲೆ ಹಾರ ತುರಾಯಿಗಳ ಔಪಚಾರಿಕತೆ ನಡೆಯುತ್ತಿತ್ತು. ಧ್ವನಿವರ್ಧಕವನ್ನು ಆಕೆಯೊಬ್ಬಳ ಮುಂದೆಯೇ ನಿಲ್ಲಿಸಿದ್ದರು. ಹಾಡು ಆರಂಭವಾದಾಗ ಆಕೆಯ ದೃಷ್ಟಿ ಸಭಿಕರ ಮೇಲಿರಲಿಲ್ಲ, ತನ್ನ ಎಡಬಲಕ್ಕೆ ನಿಂತ ಒಡನಾಡಿ ಹೆಂಗಸರ ಬಾಯಿಯ ಮೇಲಿತ್ತು. ಸಾಲು ಎತ್ತಿಕೊಟ್ಟೊಡನೆ ಮುಖವನ್ನು ಅವರತ್ತ ತಿರುಗಿಸಿ, ಅವರು ಹಿಡಿದು ಮುಗಿಸುವವರೆಗೆ ಕಾದು, ಬಳಿಕ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಧ್ವನಿವರ್ಧಕಕ್ಕೆ ಸಿಕ್ಕದ ಆ ಎರಡನೆಯ ದನಿ ನಮಗೆ ಸರಿಯಾಗಿ ಕೇಳಿಸಲಿಲ್ಲ. ಆಕೆಗೆ ಕೇಳಿಸಿತು, ಅಷ್ಟು ಸಾಕಾಗಿತ್ತು. ನಟ್ಟಿಯ ಗದ್ದೆಯ ಅತ್ತಿಗೆ ನಾದಿನಿಯರನ್ನು ನಾನು ಅಲ್ಲಿ ಮತ್ತೆ ಕಂಡೆನು. ಘಟ್ಟದ ಮೇಲಿನ ನಮ್ಮ ಹಾಡಿಗೆ ಯಾವುದು ತಪ್ಪಿಹೋಯಿತೋ ಅದನ್ನು ಈ ಹೆಂಗಸು ತನ್ನ ಕೊಪ್ಪದಲ್ಲಿ ಹಟ ಹಿಡಿದು ಉಳಿಸಿಕೊಂಡಿದ್ದಳು.

ಉಳಿಸಿಕೊಂಡ ಬಗೆಯೂ ವಿಚಾರಯೋಗ್ಯವಾದುದು. ಹಾಡನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವ ಸ್ವಭಾವ ಆಕೆಯದಾಗಿರಲಿಲ್ಲ. ಕಿರಿಯರಿಗೆ ಕಲಿಸಿದಳು, ತಾರ್ಲೆ ಕುಣಿತಕ್ಕೆ ಹೆಜ್ಜೆ ಹಾಕಿಸಿದಳು. ಗಂಡನನ್ನೂ ಸಾಕುಮಗನನ್ನೂ ಕುಡಿತಕ್ಕೆ ಕಳೆದುಕೊಂಡ ಆಕೆ, ಅಂಕೋಲೆಯ ಹೆಂಗಸರು ಸಾರಾಯಿಯ ವಿರುದ್ಧ ಎದ್ದಾಗ ಅವರ ಮುಂದೆ ನಿಂತಳು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಗೆ ದನಿ ಕೊಟ್ಟಳು. ಅರ್ಜಿ ಬರೆಯಲು ಬಾರದವಳ ಬೇಡಿಕೆಯನ್ನು ರಾಜ್ಯದ ಮಂತ್ರಿಗಳು ಕೇಳಿಸಿಕೊಳ್ಳಬೇಕಾಯಿತು. ಅಜ್ಜಿಯ ಕಾಲದ ಮಾತು ಮೊಮ್ಮಗಳ ಕಾಲದ ಜಗಳಕ್ಕೆ ಒದಗಿದರೆ ಅದನ್ನು ಹಳೆಯದೆಂದು ಯಾರೂ ನಾಚಿಕೊಳ್ಳುವುದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಪದವಿಯನ್ನು ನೀಡಿತು. 2017ರಲ್ಲಿ ಪದ್ಮಶ್ರೀ ಬಂದಿತು. ಅದೇ ತಾಲ್ಲೂಕಿನ, ಅದೇ ಸಮುದಾಯದ ತುಳಸಿ ಗೌಡರು ಮರಗಳನ್ನು ಬೆಳೆಸಿ ಅದೇ ಗೌರವಕ್ಕೆ ಪಾತ್ರರಾಗಿದ್ದರು. ಅವರು 2024ರ ದಶಂಬರದಲ್ಲಿ ತೀರಿಕೊಂಡರು. ಎರಡು ತಿಂಗಳು ಕಳೆಯುವುದರೊಳಗೆ, 2025ರ ಫೆಬ್ರವರಿ 13ರಂದು, ಸುಕ್ರಜ್ಜಿಯೂ ಹೋದಳು. ಆ ಸುದ್ದಿಯನ್ನು ಓದಿದಾಗ ನನ್ನಲ್ಲಿ ಎದ್ದ ಪ್ರಶ್ನೆ, ಆಕೆಯ ಎಡಬಲಕ್ಕೆ ನಿಂತಿದ್ದ ಹೆಂಗಸರು ಈಗ ಯಾರಿಗೆ ಎತ್ತಿಕೊಡುತ್ತಿದ್ದಾರೆಂಬುದು. ಅವರ ಹೆಸರನ್ನು ಯಾವ ಪತ್ರಿಕೆಯಲ್ಲೂ ನಾನು ಕಾಣಲಿಲ್ಲ.

ಹಿಡಿಯುವವರಿಲ್ಲದ ದುರ್ಗತಿ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಅಂದಮಾನಿನ ಬೋವಾ ಎಂಬ ವೃದ್ಧೆಯ ವೃತ್ತಾಂತಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಬೋ ಭಾಷೆಯನ್ನು ಆಡುವವರಲ್ಲಿ ಕೊನೆಗುಳಿದವಳು ಆಕೆಯೊಬ್ಬಳೇ. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿಯವರು ಆಕೆಯ ಮಾತನ್ನೂ ಹಾಡನ್ನೂ ಧ್ವನಿಮುದ್ರಿಸಿಕೊಂಡರು. ತನ್ನ ಭಾಷೆ ಬಲ್ಲ ಮನುಷ್ಯರಾರೂ ಇಲ್ಲದೆ ಆಕೆ ಹಕ್ಕಿಗಳೊಡನೆ ಮಾತನಾಡುತ್ತಿದ್ದಳೆಂದು ಅವರು ಹೇಳಿದ್ದಾರೆ. 2010ರ ಜನವರಿಯಲ್ಲಿ ಬೋವಾ ತೀರಿಕೊಂಡಳು. ಆ ಹಾಡುಗಳು ಇಂದೂ ಯಂತ್ರದಲ್ಲಿವೆ.

ನಮ್ಮ ಸೀಮೆಯ ಸ್ಥಿತಿ ಅಷ್ಟಕ್ಕೆ ಹೋಗಿಲ್ಲ. ಲಿಂಗನಮಕ್ಕಿಯ ಹಿನ್ನೀರಿನ ಹೊಳೆಬಾಗಿಲು ದಡದಲ್ಲಿ ಲಾಂಚಿಗೆ ಕಾಯುತ್ತ ಕುಳಿತಿರುತ್ತಿದ್ದ ಕಾಲದಲ್ಲಿ ನಾನು ಇದನ್ನು ಚೆನ್ನಾಗಿ ಗಮನಿಸಿದ್ದೇನೆ. ಕರೂರು ಸೀಮೆಯ ಹೆಂಗಸರು ಸಾಗರದ ಸಂತೆ ಮುಗಿಸಿ ಬುಟ್ಟಿ ಇಳಿಸಿ ಕುಳಿತರೆ, ಲಾಂಚು ಆಚೆ ದಡದಿಂದ ಹೊರಟು ಈಚೆಗೆ ಬಂದು ಮುಟ್ಟುವವರೆಗೆ ಅವರ ಮಾತು ಅವರದೇ ಧಾಟಿಯಲ್ಲಿ ಹರಿಯುತ್ತಿತ್ತು. ಸಿಗಂದೂರಿನ ಯಾತ್ರಿಕರ ಬಸ್ಸು ಬಂದು ಪಕ್ಕದಲ್ಲಿ ನಿಂತೊಡನೆ ಅದೇ ಹೆಂಗಸರು ಶಾಲೆಯ ಕನ್ನಡಕ್ಕೆ ತಿರುಗಿ, ಕೆಲವರು ಮಾತನ್ನೇ ನಿಲ್ಲಿಸಿಬಿಡುತ್ತಿದ್ದರು. 2025ರ ಜುಲೈಯಲ್ಲಿ ಆ ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಹೆರಿಗೆಯ ನೋವಿನಲ್ಲಿದ್ದವರನ್ನು ದಡದಲ್ಲಿ ಕೂರಿಸಿಕೊಂಡು ಲಾಂಚಿನ ಹೊತ್ತನ್ನು ಎಣಿಸಿದ ಮನೆಗಳಿಗೆ ಈ ಸೇತುವೆಯ ಬೆಲೆ ಗೊತ್ತು. ಕಾಯುವ ಹೊತ್ತಿನ ಮಾತು ತಪ್ಪಿತೆಂದು ಅದನ್ನು ಹಳಿಯುವುದು ಅವಿವೇಕ.

ಮೊಮ್ಮಕ್ಕಳ ಕಾಲದ ಉತ್ಸಾಹವನ್ನೂ ನಾನು ಕಾಣುತ್ತಿದ್ದೇನೆ. ಹಸೆ ಚಿತ್ತಾರಕ್ಕೆ ಈಗ ಬೆಲೆ ಬಂದಿದೆ. ಗೋಡೆಯಿಂದಿಳಿದು ಚೌಕಟ್ಟಿಗೇರಿ ಬೆಂಗಳೂರಿನ ಮನೆಗಳಿಗೆ ಹೋಗುತ್ತಿದೆ, ಬರೆಯುವ ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತಿದೆ. ಅದು ಒಳ್ಳೆಯದೇ. ಆದರೆ ಚಿತ್ತಾರವನ್ನು ಒಬ್ಬಳೇ ಕುಳಿತು ಬರೆಯಬಹುದು, ಅದರೊಡನೆ ಹುಟ್ಟಿದ ಹಾಡನ್ನು ಒಬ್ಬಳೇ ಹಾಡಲಾಗದು. ಚೌಕಟ್ಟಿನೊಳಗೆ ಗೆರೆ ಹೋಯಿತು, ಸುತ್ತ ಕುಳಿತವರು ಹೋಗಲಿಲ್ಲ. ದೀಪಾವಳಿಯ ಅಂಟಿಗೆ ಪಂಟಿಗೆಯ ಪಾಡೂ ಸುಮಾರಾಗಿ ಅದೇ. ದೇವರ ಗುಡಿಯಲ್ಲಿ ಹಚ್ಚಿದ ದೀಪವನ್ನು ಆರದಂತೆ ಹಿಡಿದು, ಕತ್ತಲೆಯಲ್ಲಿ ಗದ್ದೆಯಂಚುಗಳ ಮೇಲೆ ಊರಿಂದೂರಿಗೆ ನಡೆದು, ಪ್ರತಿಯೊಂದು ಮನೆಯ ಬಾಗಿಲಲ್ಲೂ ಹಾಡಿ, ಆ ಮನೆಯ ದೀಪಕ್ಕೆ ತಮ್ಮ ದೀಪದಿಂದ ಕುಡಿ ಹೊತ್ತಿಸಿ ಮುಂದೆ ಹೋಗುವ ಗಂಡಸರ ತಂಡಗಳು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇನ್ನೂ ಇವೆ. ಅವರಿಗಾಗಿ ವೇದಿಕೆಯ ಸ್ಪರ್ಧೆಗಳೂ ಏರ್ಪಡುತ್ತಿವೆ. ನಿಗದಿಯಾದ ಕೆಲವೇ ನಿಮಿಷಗಳಲ್ಲಿ ಮುಗಿಸಬೇಕಾದ ಕಡೆ ತಂಡದವರು ಮೊದಲು ಕತ್ತರಿಸುವುದು ಹಿಡಿಯುವವರ ಸರದಿಯನ್ನೇ. ತೀರ್ಪುಗಾರನಾಗಿ ಕುಳಿತು ಇದನ್ನು ಕಣ್ಣಾರೆ ಕಂಡಮೇಲೆ, ಅಂಥ ಕೆಲಸಕ್ಕೆ ಮತ್ತೆ ನಾನು ಒಪ್ಪಿಲ್ಲ.

ಈ ಸೀಮೆಯ ಶಾಲೆಗಳಲ್ಲಿ ಇಂದು ಪಾಠ ಹೇಳುತ್ತಿರುವ ಉಪಾಧ್ಯಾಯರಲ್ಲಿ, ಹಳೆಯ ಸಹೋದ್ಯೋಗಿಯ ಸಲುಗೆಯಿಂದ ಒಂದು ವಿಜ್ಞಾಪನೆ ಮಾಡಿಕೊಳ್ಳುತ್ತೇನೆ. ಭೂಮಿ ಹುಣ್ಣಿಮೆಯ ಹಿಂದಿನ ವಾರ ನಿಮ್ಮೂರ ಕೇರಿಯಿಂದ ಹಾಡು ಬಲ್ಲ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಯಿರಿ. ಶಾಲು ಹೊದಿಸುವುದಕ್ಕಿಂತ ಮೊದಲು ಆಕೆಯ ಜೊತೆಗಾತಿ ಯಾರೆಂದು ವಿಚಾರಿಸಿ, ಇದ್ದರೆ ಆಕೆಯನ್ನೂ ಕರೆಯಿರಿ. ಧ್ವನಿಮುದ್ರಣದ ಯಂತ್ರವನ್ನು ಎರಡನೆಯವಳ ಹತ್ತಿರವೂ ಒಂದಿಡಿ. ಎರಡನೆಯವಳು ಇಲ್ಲವಾಗಿದ್ದರೆ ಮಕ್ಕಳಿಗೆ ಆ ಸಾಲನ್ನು ಹಿಡಿಯಲು ಹೇಳಿ, ಅಜ್ಜಿ ಆಡಿದಂತೆಯೇ ಮಕ್ಕಳು ಆಡಲಿ, ಆ ಒಂದು ಗಂಟೆಯ ಮಟ್ಟಿಗಾದರೂ ಅವರ ಮಾತನ್ನು ತಿದ್ದಬೇಡಿರಿ.